ಬೆಳಗಾವಿಯಲ್ಲಿ ಡಿಎಲ್ ಟೆಸ್ಟ್‌ಗೆ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು, ಬೈಕು ಕಲಿಸುವ ಕೆಲಸದಲ್ಲಿರುವುದರಿಂದ ಈ ಪ್ರಶ್ನೆಗಳು ನನಗೆ ದಿನಾ ಬರುತ್ತವೆ. ಕ್ಲಾಸಿನಲ್ಲಿ, ಫೋನಿನಲ್ಲಿ, ಕೆಲವೊಮ್ಮೆ ಮದುವೆ ಊಟದ ಪಂಕ್ತಿಯಲ್ಲೂ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಫೀ, ಫಾರ್ಮು ವಿಷಯ ಬೇಗ ಮುಗಿಸಿ ಗಾಡಿ ಓಡಿಸುವ ವಿಷಯಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಜನ ಫೇಲ್ ಆಗುವುದು ಅಲ್ಲೇ.

ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬಂದು ಎಷ್ಟು ದಿನಕ್ಕೆ ಟೆಸ್ಟ್ ಕೊಡಬಹುದು?

ಕನಿಷ್ಠ 30 ದಿನ ಆಗಿರಬೇಕು. ಎಲ್‌ಎಲ್ ನಡೆಯುವುದು 6 ತಿಂಗಳು. ಇವೆರಡರ ನಡುವೆ ಟೆಸ್ಟ್ ಮುಗಿಸಬೇಕು. 31ನೇ ದಿನವೇ ಸ್ಲಾಟ್ ಬೇಕು ಅಂತ ಹಟ ಹಿಡಿಯುವವರು ಒಂದು ಕಡೆ. ಎಲ್‌ಎಲ್ ಮುಗಿಯಲು ನಾಲ್ಕೇ ದಿನ ಉಳಿದಿದೆ ಅಂತ ಓಡಿ ಬರುವವರು ಇನ್ನೊಂದು ಕಡೆ. ಎರಡೂ ಬೇಡ. ಎರಡು ತಿಂಗಳು ಕೈ ಪಳಗಿಸಿಕೊಂಡು ಮೂರನೇ ತಿಂಗಳಲ್ಲಿ ಟೆಸ್ಟ್ ಇಟ್ಟುಕೊಳ್ಳಿ. ಒಮ್ಮೆ ಫೇಲ್ ಆದರೂ ಮತ್ತೆ ಕೊಡಲು ಟೈಮ್ ಇರುತ್ತದೆ.

ಖರ್ಚು ಎಷ್ಟು ಬರುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಟೆಸ್ಟ್‌ಗೆ ಒಂದು ವರ್ಗಕ್ಕೆ 300 ರೂಪಾಯಿ, ಲೈಸೆನ್ಸ್ ಕೊಡುವುದಕ್ಕೆ 200. ಬೈಕು, ಕಾರು ಎರಡೂ ಬೇಕು ಅಂದ್ರೆ ಟೆಸ್ಟ್ ಫೀ ಎರಡು ಸಲ. ಅದರ ಮೇಲೆ ಸೇವಾ ಶುಲ್ಕ ಸ್ವಲ್ಪ ಸೇರುತ್ತದೆ. ಸರ್ಕಾರದ ಸಾರಥಿ ವೆಬ್‌ಸೈಟ್‌ನಲ್ಲಿ ಹಣ ಕಟ್ಟುವಾಗ ಪೂರ್ತಿ ಮೊತ್ತ ಕಾಣಿಸುತ್ತದೆ. ರಸೀದಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಸ್ಕೂಟಿ ಮೇಲೆ ಟೆಸ್ಟ್ ಕೊಟ್ಟರೆ ಬೈಕ್ ಓಡಿಸಬಹುದಾ?

ಇಲ್ಲ. ಗೇರ್ ಇಲ್ಲದ ಗಾಡಿಯ ಮೇಲೆ ಟೆಸ್ಟ್ ಕೊಟ್ಟರೆ ಗೇರ್ ಇಲ್ಲದ ಗಾಡಿಗೆ ಮಾತ್ರ ಲೈಸೆನ್ಸ್. ಗೇರ್ ಬೈಕ್ ಮೇಲೆ ಕೊಟ್ಟರೆ ಎರಡೂ ಓಡಿಸಬಹುದು. ಎಂಟು ಹೊಡೆಯಲು, ಅಂದ್ರೆ 8ರ ಆಕಾರದಲ್ಲಿ ಸುತ್ತಲು, ಸ್ಕೂಟಿ ಸುಲಭ ಅಂತ ಬಹಳ ಹುಡುಗರು ಅದನ್ನೇ ತರುತ್ತಾರೆ. ಆಮೇಲೆ ಕೆಲಸಕ್ಕೆ ಸೇರಿ ಬೈಕ್ ಕೊಂಡಾಗ ಮತ್ತೆ ಅದೇ ಬಾಗಿಲಿಗೆ ಬರಬೇಕಾಗುತ್ತದೆ. ನನ್ನ ಕೇಳಿದರೆ, ಇನ್ನೊಂದೆರಡು ವಾರ ಜಾಸ್ತಿ ಕಲಿತು ಗೇರ್ ಬೈಕ್ ಮೇಲೆಯೇ ಕೊಡಿ.

ಆಟೊಮ್ಯಾಟಿಕ್ ಕಾರಿಗೆ ನಮ್ಮ ಲೈಸೆನ್ಸ್‌ನಲ್ಲಿ ಬೇರೆ ವರ್ಗ ಇಲ್ಲ. ಎಲ್ಲಾ ಎಲ್‌ಎಂವಿ (ಲಘು ಮೋಟಾರು ವಾಹನ) ವರ್ಗದಲ್ಲೇ ಬರುತ್ತದೆ. ಆದರೆ ಕ್ಲಚ್ ಗೊತ್ತಿಲ್ಲದೆ ಲೈಸೆನ್ಸ್ ತೆಗೆದುಕೊಂಡವರು ಮಾವನ ಹಳೇ ಮಾರುತಿಯನ್ನು ಗೇಟಿನಿಂದ ಹೊರಗೆ ತೆಗೆಯಲೂ ಒದ್ದಾಡುತ್ತಾರೆ. ಅದು ಕಾನೂನಿನ ಪ್ರಶ್ನೆ ಅಲ್ಲ, ನಿಮ್ಮ ಅನುಕೂಲದ ಪ್ರಶ್ನೆ.

ಟೆಸ್ಟ್ ದಿನ ಏನೇನು ಒಯ್ಯಬೇಕು?

ಎಲ್‌ಎಲ್, ಸ್ಲಾಟ್ ಮತ್ತು ಫೀ ಕಾಗದ, ಆಧಾರ್. ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಮೂಲ ಕಾಗದ ಜೊತೆಗಿರಲಿ, ಜೆರಾಕ್ಸ್ ಕೂಡ ಇರಲಿ. ಬೈಕ್ ಆದರೆ ಐಎಸ್‌ಐ ಗುರುತಿನ ಹೆಲ್ಮೆಟ್. ಗಾಡಿಗೆ ಹಿಂದೆ ಮುಂದೆ ಬಿಳಿ ಹಲಗೆ ಮೇಲೆ ಕೆಂಪು ಬಣ್ಣದ ಎಲ್ ಅಕ್ಷರ.

ಹೊರಡುವ ಹಿಂದಿನ ಸಂಜೆ ಎಮಿಷನ್ ತಾರೀಖು ಒಮ್ಮೆ ನೋಡಿ. ಇನ್ಶೂರೆನ್ಸ್ ಎಲ್ಲರಿಗೂ ನೆನಪಿರುತ್ತದೆ, ಎಮಿಷನ್ ಯಾರಿಗೂ ನೆನಪಿರುವುದಿಲ್ಲ. ಬ್ರೇಕ್ ಲೈಟು, ನಾಲ್ಕೂ ಇಂಡಿಕೇಟರ್, ಹಾರ್ನ್ ಕೂಡ ನೋಡಿ. ಹಿಂದಿನ ಇಂಡಿಕೇಟರ್ ಬಲ್ಬ್ ಹೋಗಿದ್ದರೆ ಒಳಗೆ ಕೂತ ನಿಮಗೆ ಗೊತ್ತಾಗುವುದಿಲ್ಲ. ಹಿಂದೆ ನಿಂತ ಇನ್ಸ್‌ಪೆಕ್ಟರ್‌ಗೆ ಗೊತ್ತಾಗುತ್ತದೆ.

40 ದಾಟಿದವರು ಕಲಿಯಬಹುದಾ? ಮನೆಯಲ್ಲಿ ನಗುತ್ತಾರೆ.

ನಗಲಿ ಬಿಡಿ ಅಕ್ಕಾ. ವಯಸ್ಸಾದವರು ಸಾವಕಾಶ ಕಲಿಯುತ್ತಾರೆ, ಆದರೆ ಮಿರರ್ ನೋಡುತ್ತಾರೆ. 20ರ ಹುಡುಗರಿಗೆ ಅದನ್ನು ಕಲಿಸುವುದರಲ್ಲೇ ನನ್ನ ಅರ್ಧ ಗಂಟಲು ಹೋಗುತ್ತದೆ. 40 ದಾಟಿದ್ದರೆ ಡಾಕ್ಟರ್ ಸಹಿ ಮಾಡಿದ ಫಾರ್ಮ್ 1ಎ ಬೇಕು, ಅಷ್ಟೇ. ಕನ್ನಡಕ ಇದ್ದರೆ ಹಾಕಿಕೊಂಡೇ ಬನ್ನಿ.

ಟೆಸ್ಟ್‌ನಲ್ಲಿ ನಿಜವಾಗಿ ನೋಡುವುದೇನು?

ಕೇಂದ್ರ ಮೋಟಾರು ವಾಹನ ನಿಯಮ 15ರಲ್ಲಿ ಉದ್ದ ಪಟ್ಟಿಯೇ ಇದೆ. ಹೊರಡುವ ಮೊದಲು ಮಿರರ್ ಸರಿ ಮಾಡಿಕೊಳ್ಳುವುದು, ಜರ್ಕ್ ಇಲ್ಲದೆ ಹೊರಡುವುದು, ಗೇರ್ ಏರಿಸಿ ಇಳಿಸುವುದು, ಏರಿನಲ್ಲಿ ಹಿಂದೆ ಜಾರದೆ ಮತ್ತೆ ಹೊರಡುವುದು, ರಿವರ್ಸ್‌ನಲ್ಲಿ ಸಣ್ಣ ಜಾಗಕ್ಕೆ ಹೋಗುವುದು, ಸಿಗ್ನಲ್ ಕೊಟ್ಟು ಲೇನ್ ಬದಲಿಸುವುದು, ರಸ್ತೆ ದಾಟುವವರಿಗೆ ನಿಲ್ಲುವುದು. ಎಲ್ಲಾ ಟೆಸ್ಟ್‌ನಲ್ಲೂ ಎಲ್ಲವನ್ನೂ ನೋಡುತ್ತಾರೆ ಅಂತಲ್ಲ. ಆದರೆ ಯಾವುದನ್ನು ಬೇಕಾದರೂ ಕೇಳಬಹುದು. ಕೈ ಸನ್ನೆ ಕೂಡ. ಇಂಡಿಕೇಟರ್ ಇದ್ದ ಮೇಲೆ ಅದ್ಯಾಕೆ ಅಂತ ವಾದ ಮಾಡಬೇಡಿ, ಕಲಿತುಬಿಡಿ. ಐದು ನಿಮಿಷದ ಕೆಲಸ.

ಸೆನ್ಸರ್, ಕ್ಯಾಮೆರಾ ಇರುವ ಟ್ರ್ಯಾಕ್ ಆದರೆ ಗೆರೆ ತುಳಿದದ್ದು, ಕಂಬ ಮುಟ್ಟಿದ್ದು ಯಂತ್ರದಲ್ಲೇ ದಾಖಲಾಗುತ್ತದೆ. ಮನುಷ್ಯರು ನೋಡುವ ಕಡೆ ಇನ್ನೂ ಒಂದು ವಿಷಯ ಸೇರುತ್ತದೆ. ಗಾಬರಿಯಾದಾಗ ನೀವು ಏನು ಮಾಡುತ್ತೀರಿ ಅನ್ನುವುದು.

ಎಚ್ ಟ್ರ್ಯಾಕ್‌ನಲ್ಲಿ (ಕಂಬ ನೆಟ್ಟು ಮಾಡಿದ H ಆಕಾರದ ದಾರಿ) ಯಾವಾಗಲೂ ಕಂಬ ತಾಗುತ್ತದೆ. ಏನು ಮಾಡಲಿ?

ಮೊದಲು ಸ್ಪೀಡ್ ಇಳಿಸಿ. ನಡೆದುಕೊಂಡು ಹೋಗುವವನು ನಿಮ್ಮನ್ನು ದಾಟಿ ಹೋಗಬೇಕು, ಅಷ್ಟು ಸಾವಕಾಶ. ಎಕ್ಸಲರೇಟರ್ ಮುಟ್ಟುವುದೇ ಬೇಡ. ಸಮತಟ್ಟು ಜಾಗದಲ್ಲಿ ಹಾಫ್ ಕ್ಲಚ್‌ನಲ್ಲೇ, ಅಂದ್ರೆ ಕ್ಲಚ್ ಅರ್ಧ ಬಿಟ್ಟು ಹಿಡಿದರೇ, ಗಾಡಿ ತೆವಳುತ್ತದೆ.

ರಿವರ್ಸ್‌ನಲ್ಲಿ ಗಾಡಿಯ ಹಿಂಭಾಗ ಎತ್ತ ಹೋಗಬೇಕೋ ಸ್ಟೇರಿಂಗ್ ಅತ್ತಲೇ ತಿರುಗಿಸಿ. ಇದು ಗೊತ್ತಿದ್ದೂ ಗಡಿಬಿಡಿಯಲ್ಲಿ ಉಲ್ಟಾ ತಿರುಗಿಸುತ್ತಾರೆ. ತಿರುಗಿಸುವ ಹೊತ್ತು ಯಾವುದು ಅಂದ್ರೆ, ಹಿಂದಿನ ಚಕ್ರ ಮೂಲೆಯ ಕಂಬದ ಹತ್ತಿರ ಬಂದಾಗ. ಅದಕ್ಕಿಂತ ಮೊದಲೇ ತಿರುಗಿಸಿದರೆ ಹಿಂದಿನ ಬಾಗಿಲು ಕಂಬಕ್ಕೆ ಉಜ್ಜುತ್ತದೆ. ತಡ ಮಾಡಿದರೆ ಆಚೆ ಬದಿಯ ಗೆರೆ ತುಳಿಯುತ್ತೀರಿ.

ಇನ್ನೊಂದು ವಿಷಯ. ರಿವರ್ಸ್‌ನಲ್ಲಿ ತಿರುಗುವಾಗ ಗಾಡಿಯ ಮೂತಿ ಹೊರಗೆ ಬೀಸುತ್ತದೆ. ಕಣ್ಣೆಲ್ಲ ಹಿಂದೆ ಇರುತ್ತದೆ, ಮುಂದಿನ ಬಂಪರ್ ಹೋಗಿ ಕಂಬಕ್ಕೆ ಬಡಿಯುತ್ತದೆ. ನಾನು ನೋಡಿದ ಮಟ್ಟಿಗೆ ಎಚ್‌ನಲ್ಲಿ ಬೀಳುವ ಕಂಬಗಳಲ್ಲಿ ಹಿಂದಿನದಕ್ಕಿಂತ ಮುಂದಿನದೇ ಜಾಸ್ತಿ. ಎಡ ಮಿರರ್, ಬಲ ಮಿರರ್, ಮುಂದಿನ ಮೂಲೆ, ಮತ್ತೆ ಎಡ ಮಿರರ್, ಹೀಗೆ ಕಣ್ಣು ಓಡಾಡುತ್ತಿರಲಿ. ಅನುಮಾನ ಬಂದರೆ ನಿಂತುಬಿಡಿ, ನೋಡಿ, ಮತ್ತೆ ಹೊರಡಿ.

ಮನೆ ಹತ್ತಿರ ಖಾಲಿ ಜಾಗ ಇದ್ದರೆ ನೀರಿನ ಬಾಟಲಿಗೆ ಮಣ್ಣು ತುಂಬಿ, ಅದರಲ್ಲಿ ಕೋಲು ನೆಟ್ಟು ಎಚ್ ಮಾಡಿಕೊಳ್ಳಿ. ಮೊದಲು ಜಾಗ ಅಗಲ ಇರಲಿ. ದಿನ ಹೋದಂತೆ ಕೋಲುಗಳನ್ನು ಹತ್ತಿರ ತನ್ನಿ.

ಬೈಕ್‌ನಲ್ಲಿ ಎಂಟು ಹೊಡೆಯುವಾಗ ಕಾಲು ಕೆಳಗೆ ಬರುತ್ತದೆ.

ನೀವು ಮುಂದಿನ ಚಕ್ರವನ್ನೇ ನೋಡುತ್ತಿದ್ದೀರಿ. ಚಕ್ರ ನೋಡಬೇಡಿ. ಹೋಗಬೇಕಾದ ತಿರುವನ್ನು ನೋಡಿ, ತಲೆ ಪೂರ್ತಿ ಅತ್ತ ತಿರುಗಲಿ. ಮೊದಲ ಗೇರ್, ಹಾಫ್ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಸಣ್ಣಗೆ ಕಾಲು. ಮುಂದಿನ ಬ್ರೇಕ್ ಮುಟ್ಟಿದರೆ ಹ್ಯಾಂಡಲ್ ತಿರುಗಿದ ಹೊತ್ತಿನಲ್ಲಿ ಗಾಡಿ ದಢಕ್ಕನೆ ಮಲಗುತ್ತದೆ. ಹೆಲ್ಮೆಟ್ ಹಾಕಿಕೊಂಡೇ ಅಭ್ಯಾಸ ಮಾಡಿ. ಟೆಸ್ಟ್ ದಿನ ಮೊದಲ ಸಲ ಹಾಕಿದರೆ ಕುತ್ತಿಗೆ ತಿರುಗಿಸಲೂ ಬಿಗಿ ಅನ್ನಿಸುತ್ತದೆ.

ಏರಿನಲ್ಲಿ ಗಾಡಿ ಹಿಂದೆ ಜಾರುತ್ತದೆ. ಇದೊಂದೇ ಹೆದರಿಕೆ.

ಎಲ್ಲರದ್ದೂ ಇದೇ ಹೆದರಿಕೆ. ಹ್ಯಾಂಡ್ ಬ್ರೇಕ್ ಇರುವುದೇ ಇದಕ್ಕೆ.

ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಕ್ಲಚ್ ಒತ್ತಿ ಮೊದಲ ಗೇರ್ ಹಾಕಿ. ಬ್ರೇಕ್ ಮೇಲಿನ ಕಾಲನ್ನು ಎಕ್ಸಲರೇಟರ್ ಮೇಲೆ ತಂದು ಸ್ವಲ್ಪ ಒತ್ತಿ, ಇಂಜಿನ್ ದನಿ ಬದಲಾಗುವಷ್ಟು. ಈಗ ಕ್ಲಚ್ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಇಂಜಿನ್ ದನಿ ಕುಗ್ಗುತ್ತದೆ, ಬಾನೆಟ್ ಕೂದಲೆಳೆಯಷ್ಟು ಮೇಲೇಳುತ್ತದೆ, ಸ್ಟೇರಿಂಗ್ ಹಿಡಿದ ಬೆರಳಿಗೆ ಸಣ್ಣ ನಡುಕ ಬರುತ್ತದೆ. ಅಲ್ಲೇ ಕಾಲು ನಿಲ್ಲಿಸಿ. ಆ ಜಾಗ ಸಿಕ್ಕರೆ ಅರ್ಧ ಕೆಲಸ ಮುಗೀತು. ಮಿರರ್ ನೋಡಿ ಹ್ಯಾಂಡ್ ಬ್ರೇಕ್ ಇಳಿಸಿ. ಗಾಡಿ ಜಾರುವುದಿಲ್ಲ, ಮುಂದೆ ಹೋಗುತ್ತದೆ. ಆಮೇಲೆ ಕ್ಲಚ್ ಪೂರ್ತಿ ಬಿಡಿ.

ಹೆಚ್ಚಿನವರು ನಡುಕ ಬರುವ ಮೊದಲೇ ಹ್ಯಾಂಡ್ ಬ್ರೇಕ್ ಇಳಿಸುತ್ತಾರೆ, ಅದಕ್ಕೇ ಜಾರುತ್ತದೆ. ಕೆಲವರು ನಡುಕ ಬಂದ ತಕ್ಷಣ ಹೆದರಿ ಕ್ಲಚ್ ಪೂರ್ತಿ ಬಿಡುತ್ತಾರೆ, ಗಾಡಿ ಬಂದ್ ಬೀಳುತ್ತದೆ. ಪ್ರತಿ ಕಾರಿನಲ್ಲೂ ಆ ಜಾಗ ಬೇರೆ ಬೇರೆ ಎತ್ತರದಲ್ಲಿರುತ್ತದೆ. ಅದಕ್ಕೇ ಕಲಿತ ಗಾಡಿಯನ್ನೇ ಟೆಸ್ಟ್‌ಗೆ ತರಲು ಹೇಳುವುದು. ಗೆಳೆಯನ ಹೊಸ ಕಾರು ಚಂದ ಕಾಣುತ್ತದೆ ಅಂತ ತಂದರೆ ಅದರ ಕ್ಲಚ್ ನಿಮ್ಮ ಮಾತು ಕೇಳುವುದಿಲ್ಲ.

ಟೆಸ್ಟ್ ನಡುವೆ ಗಾಡಿ ಬಂದ್ ಬಿದ್ದರೆ ಫೇಲ್ ಅಲ್ವಾ?

ಒಮ್ಮೆ ಬಂದ್ ಬಿದ್ದರೆ ಫೇಲ್ ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಬ್ರೇಕ್, ಕ್ಲಚ್ ಒತ್ತಿ, ನ್ಯೂಟ್ರಲ್ ಮಾಡಿ, ಸ್ಟಾರ್ಟ್ ಮಾಡಿ, ಮಿರರ್ ನೋಡಿ, ಹೊರಡಿ. ಬಂದ್ ಬಿದ್ದದ್ದಕ್ಕಿಂತ ಆಮೇಲೆ ಮಾಡುವ ಗಡಿಬಿಡಿಯೇ ಜಾಸ್ತಿ ಕೆಡಿಸುತ್ತದೆ. ಗೇರ್‌ನಲ್ಲೇ ಕೀ ತಿರುಗಿಸಿ ಗಾಡಿ ಜಿಗಿಸಿದರೆ ಸಾಹೇಬರು ಸುಮ್ನೆ ಕೂರುವುದಿಲ್ಲ.

ನಾನು ಮಿರರ್ ನೋಡುತ್ತೇನೆ, ಆದರೂ ನೋಡಲಿಲ್ಲ ಅಂದರು.

ಕಣ್ಣಷ್ಟೇ ಹೊರಳಿಸಿದರೆ ಪಕ್ಕದಲ್ಲಿ ಕೂತವರಿಗೆ ಕಾಣುವುದಿಲ್ಲ. ತಲೆ ಸ್ವಲ್ಪ ತಿರುಗಲಿ. ನಾಟಕ ಅನ್ನಿಸಿದರೂ ಪರವಾಗಿಲ್ಲ. ಹೊರಡುವಾಗ, ಇಂಡಿಕೇಟರ್ ಹಾಕುವ ಮೊದಲು, ನಿಲ್ಲಿಸುವ ಮೊದಲು, ಈ ಮೂರು ಹೊತ್ತಿನಲ್ಲಿ ತಪ್ಪಿಸಬೇಡಿ. ಬಲಕ್ಕೆ ಹೊರಡುವಾಗ ಮಿರರ್ ಜೊತೆ ಭುಜದ ಮೇಲಿಂದಲೂ ಒಮ್ಮೆ ನೋಡಿ. ಮಿರರ್‌ನಲ್ಲಿ ಕಾಣದ ಜಾಗದಲ್ಲೇ ಬೈಕ್ ಬಂದಿರುತ್ತದೆ.

ಹತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸುತ್ತಿದ್ದೇನೆ. ನನಗೂ ಕ್ಲಾಸ್ ಬೇಕಾ?

ನಿಮಗೆ ಕ್ಲಚ್, ಗೇರ್ ಯಾರೂ ಕಲಿಸಬೇಕಿಲ್ಲ ಕಾಕಾ. ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆ ಗೇಟಿನಲ್ಲಿ ರಿವರ್ಸ್ ಹಾಕುವವರಿಗೆ ಎಚ್ ಏನು ಲೆಕ್ಕ? ಆದರೂ ಒಂದು ವಾರ ಬನ್ನಿ. ಟ್ರ್ಯಾಕ್ಟರ್ ಓಡಿಸಿ ಬಂದವರು ರಸ್ತೆ ನಡುವೆಯೇ ಹೋಗುತ್ತಾರೆ, ಇಂಡಿಕೇಟರ್ ಮರೆಯುತ್ತಾರೆ, ಮಿರರ್ ಬದಲು ಹಿಂದೆ ತಿರುಗಿ ನೋಡುತ್ತಾರೆ. ಬಿಡಿಸಬೇಕಾದದ್ದು ಆ ರೂಢಿಯನ್ನು.

ಒಂದು ಲಾಭದ ಮಾತು. ಎಲ್‌ಎಂವಿ ಅಂದ್ರೆ 7,500 ಕಿಲೋ ಒಳಗಿನ ಗಾಡಿ, ಆ ತೂಕದೊಳಗಿನ ಟ್ರ್ಯಾಕ್ಟರ್ ಕೂಡ ಅದರಲ್ಲೇ ಬರುತ್ತದೆ. ಎಲ್‌ಎಂವಿ ಲೈಸೆನ್ಸ್ ಇದ್ದವರು ಈ ತೂಕದೊಳಗಿನ ಬಾಡಿಗೆ ಗಾಡಿಯನ್ನೂ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ.

ಬೆಳಗಾವಿಯಲ್ಲಿ ಎಲ್ಲಿ ಪ್ರ್ಯಾಕ್ಟೀಸ್ ಮಾಡುವುದು?

ಮೊದಲ ವಾರ ಮುಖ್ಯ ರಸ್ತೆಗೆ ಬರಲೇಬೇಡಿ. ನಿಮ್ಮ ಬಡಾವಣೆಯ ಹಿಂದಿನ ಖಾಲಿ ರಸ್ತೆ, ಬೆಳಿಗ್ಗೆ ಆರರಿಂದ ಏಳೂವರೆ. ಕ್ಯಾಂಪ್ ಕಡೆ ರಸ್ತೆ ಚೆನ್ನಾಗಿವೆ, ನೆರಳೂ ಇದೆ. ಆದರೆ ಅದು ಸೇನೆಯ ಜಾಗ, ಬೋರ್ಡ್ ಓದಿಕೊಂಡು ಹೋಗಿ.

ಕೈ ಕೂತ ಮೇಲೆ ಟಿಳಕವಾಡಿಯ ರೈಲ್ವೆ ಗೇಟ್‌ಗಳ ಕಡೆ ಬನ್ನಿ. ಗೇಟ್ ಹಾಕಿ ತೆಗೆದಾಗ ಎರಡೂ ಕಡೆಯಿಂದ ಗಾಡಿ ನುಗ್ಗುತ್ತವೆ. ಹಾಫ್ ಕ್ಲಚ್‌ನಲ್ಲಿ ಇಂಚಿಂಚು ಹೋಗುವುದನ್ನು ಅಲ್ಲಿಗಿಂತ ಚೆನ್ನಾಗಿ ಯಾವ ಮೈದಾನವೂ ಕಲಿಸುವುದಿಲ್ಲ. ಏರಿನ ಅಭ್ಯಾಸಕ್ಕೆ ಕಪಿಲೇಶ್ವರ ಓವರ್‌ಬ್ರಿಡ್ಜ್ ಇದೆ, ಆದರೆ ಪಕ್ಕದಲ್ಲಿ ಗೊತ್ತಿದ್ದವರು ಕೂತಿರಬೇಕು, ಗದ್ದಲ ಇಲ್ಲದ ಹೊತ್ತಾಗಿರಬೇಕು. ಚನ್ನಮ್ಮ ಸರ್ಕಲ್ ಕೊನೆಗೆ. ಸರ್ಕಲ್‌ನಲ್ಲಿ ಈಗಾಗಲೇ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು ಅಂತ 2017ರ ಡ್ರೈವಿಂಗ್ ನಿಯಮಗಳು ಹೇಳುತ್ತವೆ. ಅಲ್ಲಿ ಯಾರೂ ಅದನ್ನು ಓದಿದಂತೆ ಕಾಣುವುದಿಲ್ಲ, ಆದರೆ ಟೆಸ್ಟ್‌ನಲ್ಲಿ ನೀವು ಪಾಲಿಸಬೇಕು.

ಗಣಪತಿ ಹಬ್ಬದ ದಿನಗಳಲ್ಲಿ ಪೇಟೆ ಕಡೆ ಬೇಡ. ಡಿಸೆಂಬರ್‌ನಲ್ಲಿ ಅಧಿವೇಶನ ನಡೆಯುವಾಗ ಸುವರ್ಣ ಸೌಧದ ಕಡೆಯೂ ಬೇಡ.

ಚಪ್ಪಲಿ ಹಾಕಿಕೊಂಡು ಬರಬಹುದಾ?

ಹವಾಯಿ ಚಪ್ಪಲಿ ಬೇಡ. ಕೊಲ್ಲಾಪುರಿಯೂ ಬೇಡ. ಅಥಣಿಯ ಚಪ್ಪಲಿ ಮೇಲೆ ನನಗೂ ಅಭಿಮಾನ ಇದೆ, ಆದರೆ ಅದರ ತೊಗಲಿನ ತಳ ಪೆಡಲ್ ಮೇಲೆ ಜಾರುತ್ತದೆ. ತೆಳು ತಳದ, ಹಿಂದೆ ಪಟ್ಟಿ ಇರುವ ಪಾದರಕ್ಷೆ ಅಥವಾ ಶೂ ಹಾಕಿ. ಹಾಗೇ ಡ್ರೈವರ್ ಕಾಲ ಹತ್ತಿರ ನೀರಿನ ಬಾಟಲಿ ಇಡಬೇಡಿ. ಅದು ಉರುಳಿ ಬ್ರೇಕ್ ಕೆಳಗೆ ಹೋದರೆ ಪೆಡಲ್ ಒತ್ತಲು ಬರುವುದಿಲ್ಲ.

ಮನೆ ಬೆಳಗಾವಿ, ಕೆಲಸ ಕಾರವಾರ. ಅಲ್ಲಿ ಟೆಸ್ಟ್ ಕೊಡಬಹುದಾ?

2019ರ ತಿದ್ದುಪಡಿಯ ನಂತರ ರಾಜ್ಯದ ಯಾವುದೇ ಆರ್‌ಟಿಓಗೆ ಅರ್ಜಿ ಹಾಕಲು ಕಾಯ್ದೆಯಲ್ಲಿ ಅವಕಾಶ ಇದೆ. ನೀವು ಉಳಿದಿರುವ ಊರಿನಲ್ಲೇ ಕೊಡುವುದು ಒಳ್ಳೆಯದು, ಪ್ರ್ಯಾಕ್ಟೀಸ್ ಮಾಡಿದ ರಸ್ತೆ ಪರಿಚಯ ಇರುತ್ತದೆ.

ಕರಾವಳಿಯಲ್ಲಿ ಮಳೆಗಾಲದ ಸ್ಲಾಟ್ ಸಿಕ್ಕರೆ ತಯಾರಿ ಸ್ವಲ್ಪ ಬೇರೆ. ನಮ್ಮ ಬೆಳಗಾವಿಯ ಮಳೆಯೂ ಕಡಿಮೆ ಏನಲ್ಲ, ಆದರೆ ಅಲ್ಲಿ ಅದರ ಜೊತೆ ಸೆಕೆ ಸೇರುತ್ತದೆ. ಗಾಜು ಒಳಗಿನಿಂದ ಮಂಜಾಗುತ್ತದೆ. ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸುವ ಬಟನ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ವೈಪರ್ ರಬ್ಬರ್ ಒಣಗಿದ್ದರೆ ಬದಲಿಸಿ. ಕಡಲ ಹತ್ತಿರದ ರಸ್ತೆ ಅಂಚಿನಲ್ಲಿ ಮರಳು ಇರುತ್ತದೆ, ಬೈಕ್‌ನವರು ಅದರ ಮೇಲೆ ತಿರುವಿನಲ್ಲಿ ಬ್ರೇಕ್ ಹಿಡಿಯಬಾರದು. ನೀರು ನಿಂತ ಜಾಗ ದಾಟಿದ ಮೇಲೆ ಬ್ರೇಕನ್ನು ಎರಡು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಲಾರಿ ಹಿಂದೆ ಹೋಗುವಾಗ ಒಣ ರಸ್ತೆಯಲ್ಲಿ ಬಿಡುವುದಕ್ಕಿಂತ ಎರಡು ಪಟ್ಟು ಅಂತರ ಬಿಡಿ.

ಏಜೆಂಟ್ ಕೈಗೆ ಕೊಟ್ಟರೆ ಟೆಸ್ಟ್ ಇಲ್ಲದೆ ಆಗುತ್ತದಂತೆ, ಹೌದಾ?

ಅರ್ಜಿ ತುಂಬಲು ಬರದಿದ್ದರೆ ಯಾರದಾದರೂ ಸಹಾಯ ತೆಗೆದುಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಟೆಸ್ಟೇ ಬೇಡ ಅನ್ನುವವರ ಮಾತು ಕೇಳಬೇಡಿ. ಕಾರ್ಡ್ ಸಿಕ್ಕ ಮರುದಿನ ಹೈವೇ ಮೇಲೆ ಗಾಡಿ ಓಡಿಸುವುದು ನೀವು, ಏಜೆಂಟ್ ಅಲ್ಲ.

ಡ್ರೈವಿಂಗ್ ಸ್ಕೂಲ್‌ನಲ್ಲಿ ಕಲಿತರೆ ಆರ್‌ಟಿಓ ಟೆಸ್ಟ್ ಬೇಡ ಅಂತ ವಾಟ್ಸಪ್‌ನಲ್ಲಿ ಬಂದಿದೆ.

ಅರ್ಧ ನಿಜ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳು ಅಂತ ಬೇರೆ ಇವೆ. 2021ರ ಜುಲೈನಿಂದ ಆ ನಿಯಮ ಜಾರಿಯಲ್ಲಿದೆ. ಅಲ್ಲಿ ಎಲ್‌ಎಂವಿಗೆ ನಾಲ್ಕು ವಾರದಲ್ಲಿ 29 ಗಂಟೆ ತರಬೇತಿ, ಕೊನೆಗೆ ಅವರದೇ ಟೆಸ್ಟ್. ಅದನ್ನು ಪಾಸಾದರೆ ಮಾತ್ರ ಆರ್‌ಟಿಓ ಟೆಸ್ಟ್‌ನಿಂದ ವಿನಾಯಿತಿ. ನಮ್ಮಂಥ ಸಾಮಾನ್ಯ ಸ್ಕೂಲ್‌ಗಳಿಗೆ ಆ ಅಧಿಕಾರ ಇಲ್ಲ.

ಫೇಲ್ ಆದರೆ?

ಏಳು ದಿನದ ನಂತರ ಮತ್ತೆ ಕೊಡಬಹುದು. ಮೂರು ಸಲವೂ ಆಗದಿದ್ದರೆ ಕೊನೆಯ ಟೆಸ್ಟ್‌ನಿಂದ 60 ದಿನ ಕಾಯಬೇಕು, ಮತ್ತೆ ತರಬೇತಿ ಪಡೆಯಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಫೇಲ್ ಅಂದ ತಕ್ಷಣ ಮುಖ ಸಣ್ಣ ಮಾಡಿಕೊಂಡು ಹೊರಟುಬಿಡಬೇಡಿ. ‘ಸರ್, ಎಲ್ಲಿ ತಪ್ಪಾಯ್ತು?’ ಅಂತ ಮರ್ಯಾದೆಯಿಂದ ಕೇಳಿ. ಹೆಚ್ಚಿನವರು ಹೇಳುತ್ತಾರೆ. ಮುಂದಿನ ಏಳು ದಿನ ಅದೊಂದನ್ನೇ ತಿದ್ದಿಕೊಳ್ಳಿ.

ಮಗ 16 ತುಂಬಿದ್ದಾನೆ, ಬೈಕ್ ಚೆನ್ನಾಗಿ ಓಡಿಸುತ್ತಾನೆ. ಕೊಡಬಹುದಾ?

16ಕ್ಕೆ ಸಿಗುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ, ಅದೂ ತಂದೆ ತಾಯಿ ಒಪ್ಪಿಗೆ ಇದ್ದರೆ. ಗೇರ್ ಬೈಕು, ಕಾರಿಗೆ 18 ಆಗಲೇಬೇಕು. ಅಪ್ರಾಪ್ತ ಮಕ್ಕಳು ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಚೆನ್ನಾಗಿ ಓಡಿಸುತ್ತಾನೆ ಅಂತ ಅಪ್ಪಂದಿರು ಹೆಮ್ಮೆಯಿಂದ ಹೇಳುವಾಗ ನನಗೆ ಸಿಟ್ಟೇ ಬರುತ್ತದೆ.

ಲೈಸೆನ್ಸ್ ಬಂದ ಮೊದಲ ವಾರವೇ ಗೋವಾಕ್ಕೆ ಹೋಗೋಣ ಅಂತಿದ್ದೇವೆ.

ಗೊತ್ತಿತ್ತು. ಬೆಳಗಾವಿಯಲ್ಲಿ ಲೈಸೆನ್ಸ್ ತೆಗೆದುಕೊಂಡವರ ಮೊದಲ ಆಸೆ ಅದೇ. ಲೈಸೆನ್ಸ್ ದೇಶದ ತುಂಬ ನಡೆಯುತ್ತದೆ, ಕಾನೂನಿನ ತೊಂದರೆ ಇಲ್ಲ. ಆದರೆ ಚೋರ್ಲಾ ಘಾಟ್ ಹೊಸಬರ ರಸ್ತೆ ಅಲ್ಲ. ಮೊದಲ ಸಲ ಅನುಭವಿಗಳು ಓಡಿಸಲಿ, ನೀವು ಪಕ್ಕದಲ್ಲಿ ಕೂತು ನೋಡಿ. ನೀವೇ ಓಡಿಸುವುದಾದರೆ ಹಗಲು ಹೋಗಿ, ಜುಲೈ ಮಳೆಯಲ್ಲಿ ಬೇಡ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಬೇಡಿ. ಎರಡನೇ ಗೇರ್‌ನಲ್ಲಿ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾಯ್ದು ಹಿಡಿಯುವುದನ್ನೇ ಬಿಡುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಏರಿ ಬರುತ್ತಿರುವ ಗಾಡಿಗೆ ಮೊದಲು ದಾರಿ ಬಿಡಿ. ತಿರುವಿನಲ್ಲಿ ಓವರ್‌ಟೇಕ್ ಬೇಡವೇ ಬೇಡ.

ಕಾರ್ಡ್ ಕೈಗೆ ಬರುವವರೆಗೆ ಪೊಲೀಸರು ಹಿಡಿದರೆ?

ಪಾಸಾಗಿ ಲೈಸೆನ್ಸ್ ನಂಬರ್ ಬಂದ ಮೇಲೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿ. ಅದಕ್ಕೂ ಕಾರ್ಡಿನಷ್ಟೇ ಬೆಲೆ ಇದೆ. ಫೋನ್ ಚಾರ್ಜ್ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಮನೆ ನಂಬರ್, ಗಲ್ಲಿ, ಪಿನ್‌ಕೋಡ್ ಸರಿಯಾಗಿ ಬರೆದಿದ್ದೀರಾ ಅಂತಲೂ ನೋಡಿ. 30ರೊಳಗಿನವರಿಗೆ ಈ ಲೈಸೆನ್ಸ್ 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರ ನಡುವಿನವರಿಗೆ 10 ವರ್ಷ.